ಮುಖ ವಾಪಸ್ ತರುವವಳು

ದೊಡ್ಡವ್ವ ಹೋದ ಸುದ್ದಿಯನ್ನು ಅವಳ ತಮ್ಮನ ಮಗ ಫೋನಿನಲ್ಲಿ ಹೇಳಿದ. ಹೇಳಿದವನು, ನಾನು ಅತ್ತು ಮೂಗು ಒರೆಸಿಕೊಳ್ಳುವಷ್ಟೂ ತಡೆಯದೆ, “ಅಕ್ಕಾ, ನಿಮ್ಮ ಹತ್ರ ದೊಡ್ಡವ್ವಂದು ಒಂದು ಚಲೋ ಫೋಟೊ ಇದ್ರೆ ಕಳಿಸ್ರಿ, ಸ್ಟೇಟಸ್‌ಗೆ ಹಾಕ್ಬೇಕು” ಅಂದ. ಆಧಾರ್ ಕಾರ್ಡಿನದು ಇದೆಯಂತೆ, ಅದರಲ್ಲಿ ಅವಳು ಹೆಂಚಿನ ಮೇಲೆ ಸೀದ ರೊಟ್ಟಿಯ ಹಾಗೆ ಕಾಣುತ್ತಾಳಂತೆ. ಊರಿನ ಗ್ರೂಪಿನಲ್ಲಿ ಆಗಲೇ ಎಲ್ಲರೂ ಕೈಮುಗಿಯುವ ಚಿತ್ರ ಹಾಕುತ್ತಿದ್ದಾರೆ, ಮುಖವೇ ಇಲ್ಲದಿದ್ದರೆ ಹೇಗೆ ಅನ್ನುವುದು ಅವನ ಸಂಕಟ. ನನಗೆ ಅಳುವಿನ ನಡುವೆಯೂ ನಗು ಬಂತು. ದೊಡ್ಡವ್ವನ ಮುಖ, ಅದೂ ಸ್ಟೇಟಸ್‌ನಲ್ಲಿ. ಬದುಕಿದ್ದರೆ ಅವನ ಕಿವಿ ಹಿಂಡಿ, “ನನ್ನ ಕೇಳಿದ್ಯೇನೋ?” ಅನ್ನುತ್ತಿದ್ದಳು.

ಆ ಒಂದು ಮಾತು ಅವಳದು. ಕೇಳಿದ್ಯಾ, ಕೇಳಿದ್ರೇನು, ಕೇಳಬೇಕಿತ್ತಲ್ಲ. ಬೇರೆ ದೊಡ್ಡವ್ವಂದಿರು ಊಟ ಆಯ್ತಾ ಅಂತ ಕೇಳಿದರೆ ಇವಳು ಇದನ್ನು ಕೇಳುತ್ತಿದ್ದಳು.

ಶಿಕಾರಿಪುರದಲ್ಲಿ ನಮ್ಮ ಮನೆಗೂ ಅವಳ ತಮ್ಮನ ಮನೆಗೂ ಒಂದೇ ಗೋಡೆ. ತಮ್ಮನದು ಕಿರಾಣಿ ಅಂಗಡಿ. ಅವನು ಮಧ್ಯಾಹ್ನ ಉಂಡು ಮಲಗಿದಾಗ ಅಂಗಡಿಯಲ್ಲಿ ಕೂರುವವಳು ಇವಳು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡು ತವರಿಗೆ ಬಂದವಳು, ಮತ್ತೆಲ್ಲೂ ಹೋಗಲಿಲ್ಲ. ನಮಗೆ ನೆಂಟಳಲ್ಲ, ಆದರೂ ಬೀದಿಗೆಲ್ಲ, ತಮ್ಮನ ಮಕ್ಕಳಿಗೂ ಸೇರಿ, ದೊಡ್ಡವ್ವ. ಅವ್ವನಿಗೆ, ದೊಡ್ಡವ್ವನಿಗೆ ನಮ್ಮ ಕಡೆ ಬಹುವಚನ ಹಚ್ಚುವುದಿಲ್ಲ, ನಾನೂ ಹಚ್ಚುವುದಿಲ್ಲ. ಎತ್ತರದ ಹೆಂಗಸು. ಹಣೆಗೆ ವಿಭೂತಿ ಮಾತ್ರ. ಯಾರಾದರೂ ಕ್ಯಾಮೆರಾ ಹಿಡಿದರೆ ಸೆರಗು ಮುಖಕ್ಕೆ ಬರುತ್ತಿತ್ತು, ನೊಣ ಓಡಿಸುವಷ್ಟು ಸಲೀಸಾಗಿ. ಬೀದಿಯ ಮದುವೆಗಳ ವೀಡಿಯೊ ಕ್ಯಾಸೆಟ್‌ಗಳಲ್ಲೆಲ್ಲ ಅವಳು ಇದ್ದಾಳೆ, ಒಂದು ಕಂದು ಸೆರಗಾಗಿ.

ಅವಳು ಮಾಡುತ್ತಿದ್ದ ಕೆಲಸವನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ತೊಂಬತ್ತರ ದಶಕದಲ್ಲಿ ಹೆಣ್ಣು ನೋಡಲು ಬರುವ ಮೊದಲು ಹೆಣ್ಣಿನ ಫೋಟೊ ಹೋಗುತ್ತಿತ್ತು. ಸ್ಟುಡಿಯೊಗೆ ಹೋಗಿ, ಅವ್ವನ ಸೀರೆ ಉಟ್ಟು, ಹಿಂದಿನ ಪರದೆಯಲ್ಲಿ ಬರೆದ ಕೊಳದ ಮುಂದೆ ನಿಂತು ತೆಗೆಸಿದ ಫೋಟೊ. ಅದನ್ನು ಸಂಬಂಧ ಹೇಳುವ ಅಜ್ಜ ಚೀಲಕ್ಕೆ ಹಾಕಿಕೊಂಡು ಊರೂರು ತಿರುಗುತ್ತಿದ್ದ. ಗಂಡಿನ ಕಡೆಯವರು ಒಪ್ಪಿದರೆ ಸರಿ. ಒಪ್ಪದಿದ್ದರೆ ಫೋಟೊ ಎಲ್ಲಿ ಹೋಯಿತೋ ಗೊತ್ತಾಗುತ್ತಿರಲಿಲ್ಲ. ವಾಪಸ್ ಕೊಡಿ ಅಂತ ಹೆಣ್ಣಿನ ಮನೆಯವರು ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ. ಕೇಳಿದರೆ, “ನಿಮ್ಮ ಹುಡುಗಿ ಫೋಟೊ ಇಟ್ಕೊಂಡು ನಾವೇನು ಉಪ್ಪಿನಕಾಯಿ ಹಾಕ್ತೀವಾ” ಅಂತ ಸಿಟ್ಟು. ಅದೂ ಅಲ್ಲದೆ, ಕೇಳಿದರೆ ಸಂಬಂಧ ಮುರಿಯಿತು ಎಂದು ನಾವೇ ಸಾರಿದ ಹಾಗೆ. ಹಾಗಾಗಿ ಎಲ್ಲರೂ ಸುಮ್ಮನಿರುತ್ತಿದ್ದರು, ಹುಡುಗಿ ಮಾತ್ರ ಯಾರದೋ ಮನೆಯ ಯಾವುದೋ ಮೂಲೆಯಲ್ಲಿ ನಗುತ್ತಾ ಬಿದ್ದಿರುತ್ತಿದ್ದಳು.

ದೊಡ್ಡವ್ವ ಆ ಫೋಟೊಗಳನ್ನು ವಾಪಸ್ ತರುತ್ತಿದ್ದಳು. ಅವಳನ್ನು ಯಾರೂ ನೇಮಿಸಿದ್ದಿಲ್ಲ. ಒಬ್ಬಳ ಅವ್ವ ಬಂದು ಕಣ್ಣೀರು ಹಾಕಿದಳೆಂದು ಹೋಗಿ ತಂದಳು, ಆಮೇಲೆ ಅದೇ ರೂಢಿ ಆಯಿತು. “ಶುಭಕ್ಕೆ ಎದುರು ಬರಬ್ಯಾಡ ಅಂತಾರೆ, ಮುರಿದದ್ದು ತರಾಕೆ ನಾನೇ ಬೇಕು ನೋಡು” ಎಂದು ತಾನೇ ನಗುತ್ತಿದ್ದಳು. ಆ ನಗು ನನಗೆ ಆಗ ತಮಾಷೆಯಾಗಿ ಕೇಳುತ್ತಿತ್ತು, ಈಗ ಕೇಳುವುದಿಲ್ಲ.

ಅವಳು ಕೇಳುವ ರೀತಿಯೂ ಬೇರೆ. ಹೋದ ಮನೆಯಲ್ಲಿ ಕಾಫಿ ಕುಡಿಯುತ್ತಿರಲಿಲ್ಲ, ನೀರು ಮಾತ್ರ. ಮಳೆ ಬೆಳೆ ಎಲ್ಲ ವಿಚಾರಿಸಿ, ಕೊನೆಗೆ ಎದ್ದು ನಿಂತು, “ನಮ್ಮ ಹುಡುಗಿ ನಿಮ್ಮನೇಲಿ ಭಾಳ ದಿನ ಕುಂತಳು, ಕರ್ಕೊಂಡು ಹೋಗಾಣ ಅಂತ ಬಂದೆ” ಅನ್ನುವಳು. ಅವರು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಹುಡುಕಲು ಶುರುಮಾಡುತ್ತಿದ್ದರು. ಕ್ಯಾಲೆಂಡರಿನ ಹಿಂದೆ, ದೇವರ ಗೂಡಿನಲ್ಲಿ, ಹಾಸಿಗೆಯ ಅಡಿ. ಒಬ್ಬಳ ಫೋಟೊ ಅಡುಗೆಮನೆಯಲ್ಲಿ ಸಿಕ್ಕಿತ್ತು, ಮುಖದ ಮೇಲೆ ಚಾ ಲೋಟದ ಉಂಗುರ. ಇನ್ನೊಬ್ಬಳದು ಗಂಡಿನ ಸೋದರಮಾವನ ಅಂಗಿ ಜೇಬಿನಲ್ಲಿ. ಆ ಜೇಬಿನದನ್ನು ತಂದ ದಿನ ದೊಡ್ಡವ್ವ ಊಟ ಮಾಡಲಿಲ್ಲ.

ತೊಗರ್ಸಿ ಕಡೆಯ ಒಂದು ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆಗೆದು ಮುಂದಿಟ್ಟರಂತೆ, ಇದರಲ್ಲಿ ನಿಮ್ಮದು ಯಾವುದೋ ನೀವೇ ಆರಿಸಿಕೊಳ್ಳಿ ಎಂದು. ಮುಚ್ಚಳ ತೆಗೆದರೆ ಡಬ್ಬಿಯ ತುಂಬ ಹುಡುಗಿಯರು. ಒಬ್ಬಳ ಮೇಲೆ ಒಬ್ಬಳು, ಉಸಿರು ಕಟ್ಟಿಕೊಂಡು. ಅವಳು ಯಾರಿಗಾಗಿ ಹೋಗಿದ್ದಳೋ ಅವಳನ್ನು ಮಾತ್ರ ತೆಗೆದುಕೊಂಡು ಬಂದಳು. ಉಳಿದವರನ್ನೂ ಬಾಚಿಕೊಂಡು ಬರಬಾರದಿತ್ತೇ ಎಂದು ನಮ್ಮವ್ವ ಕೇಳಿದ್ದಕ್ಕೆ, “ಅವರು ಯಾರೂ ನನ್ನ ಕೇಳಿಲ್ವಲ್ಲ, ನಾನು ಹೊತ್ಕೊಂಡು ಬಂದ್ರೆ ಆ ಮನೆಯವರಿಗೂ ನನಗೂ ಏನು ಫರಕು?” ಅಂದಳು. ಅಂದವಳು ಎಷ್ಟೋ ದಿನ ಆ ಡಬ್ಬಿಯನ್ನೇ ನೆನೆಸಿಕೊಂಡು ಕೂತಿರುತ್ತಿದ್ದಳು. ಅಂಗಡಿಗೆ ಬಂದವರು ಸಕ್ಕರೆ ಕೇಳಿದರೆ ಉಪ್ಪು ಕಟ್ಟಿಕೊಡುತ್ತಿದ್ದಳು.

ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೊ ಸಾಹೇಬರ ಜೊತೆ ಅವಳದೊಂದು ಜಗಳ ಊರಿಗೇ ಗೊತ್ತು. ಅವರು ನಮ್ಮ ಬೀದಿಯ ಹುಡುಗಿಯ ಫೋಟೊವನ್ನು ದೊಡ್ಡದು ಮಾಡಿಸಿ ಹೊರಗಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಬಸ್ಸಿಗೆ ಕಾಯುವವರೆಲ್ಲ ಬೀಡಿ ಸೇದುತ್ತಾ ಅವಳನ್ನು ನೋಡುತ್ತಾ ನಿಲ್ಲುತ್ತಿದ್ದರು. ದೊಡ್ಡವ್ವ ಹೋಗಿ ಕೇಳಿದಳು. ಸಾಹೇಬರು, “ಅವರಪ್ಪನ್ನ ಕೇಳೇ ಇಟ್ಟಿದ್ದಮ್ಮಾ” ಅಂದರು. “ಹಂಗಾರೆ ಅವರಪ್ಪನ ಫೋಟೊ ಇಡ್ರಿ” ಅಂದಳು ಇವಳು. ಒಳ್ಳೆಯ ಮನುಷ್ಯ, ನಕ್ಕು ತೆಗೆದುಬಿಟ್ಟರು. ಆಮೇಲಿಂದ ನಮ್ಮ ಬೀದಿಯ ಹುಡುಗಿಯರು ಹೋದರೆ ಫೋಟೊ ಜೊತೆ ನೆಗೆಟಿವನ್ನೂ ಕೈಗೆ ಕೊಟ್ಟು, ತಗೊಂಡು ಹೋಗವ್ವಾ, ಇಲ್ಲದಿದ್ದರೆ ಆ ಅಮ್ಮ ನನ್ನ ಅಂಗಡಿ ಬಾಗಿಲಲ್ಲೇ ಕುಂತುಬಿಡ್ತಾರೆ ಅನ್ನುತ್ತಿದ್ದರು.

ಫೋಟೊ ಹಿಂದೆ ಹೆಸರು, ಅಪ್ಪನ ಹೆಸರು, ಬೀದಿ ಎಲ್ಲ ಬರೆಯುವುದು ಸಂಬಂಧದ ಅಜ್ಜನ ಅಭ್ಯಾಸ. ದೊಡ್ಡವ್ವನ ಕೈಗೆ ಸಿಕ್ಕಿದರೆ ಅಜ್ಜನಿಗೆ ಗ್ರಹಚಾರ. ಮುಖಾನೂ ಕೊಟ್ಟು ಮನೆ ದಾರೀನೂ ಕೊಡ್ತೀಯಾ, ಬಾಗಿಲ ಚಿಲಕಾನೂ ತೆಗೆದು ಬಾ ಎಂದು ಬೈಯುತ್ತಿದ್ದಳು. ಈಗ ನನ್ನ ಮಗಳು ಮೊಬೈಲಿನಲ್ಲಿ ಯಾರು ತನ್ನ ಫೋಟೊ ನೋಡಬೇಕು, ಯಾರು ನೋಡಬಾರದು ಎಂದು ಏನೇನೋ ಒತ್ತುತ್ತಾ ಕೂತಿರುತ್ತಾಳೆ. ನಮ್ಮ ಕಾಲಕ್ಕೆ ಅದನ್ನೆಲ್ಲ ಒಬ್ಬ ಹೆಂಗಸು ಬಸ್ಸಿನಲ್ಲಿ ಹೋಗಿ ಮಾಡಿ ಬರುತ್ತಿದ್ದಳು.

ಇದೆಲ್ಲ ನಿನಗ್ಯಾಕೆ ದೊಡ್ಡವ್ವ ಅಂತ ನಾನೊಮ್ಮೆ ಕೇಳಿದ್ದೆ. ಅವಳು ಬೆಲ್ಲ ಕುಟ್ಟುತ್ತಿದ್ದಳು. ಗಂಡ ಸತ್ತ ಮೇಲೆ ಅತ್ತೆ ಮನೆಯವರು ಟ್ರಂಕು, ಸೀರೆ, ಪಾತ್ರೆ ಎಲ್ಲ ಗಾಡಿಗೆ ಹೇರಿ ಅವಳ ಸಮೇತ ಕಳಿಸಿಬಿಟ್ಟಿದ್ದರು. ಮದುವೆಗೆ ಮುಂಚೆ ಕಳಿಸಿದ್ದ ಅವಳ ಹತ್ತೊಂಬತ್ತರ ವಯಸ್ಸಿನ ಫೋಟೊ ಮಾತ್ರ ಅಲ್ಲೇ ಉಳಿದಿತ್ತು. “ಎಲ್ಲ ಕೊಟ್ರು ಕಣೆ, ಮುಖ ಕೊಟ್ಟಿರ್ಲಿಲ್ಲ. ಹೋಗಿ ಇಸ್ಕೊಂಡು ಬಂದೆ. ನಾನು ಮೊದಲು ವಾಪಸ್ ತಂದಿದ್ದು ನನ್ನನ್ನೇ” ಅಂದಳು. ಆ ಫೋಟೊ ಅವಳ ಟ್ರಂಕಿನಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ಇತ್ತು. ನಾನು ತೋರಿಸು ಅಂದೆ. ತೋರಿಸಲಿಲ್ಲ.

ಇನ್ನು ನನ್ನ ಕಥೆ. ನನ್ನ ಫೋಟೊ ಸೊರಬದ ಒಂದು ಮನೆಗೆ ಹೋಗಿತ್ತು. ದಂಡಾವತಿ ಹೊಳೆಯ ಹತ್ತಿರ ಮನೆ, ಒಳ್ಳೆಯ ಜನ, ಹುಡುಗ ಓದಿದ್ದಾನೆ ಅಂತ ಸಂಬಂಧದ ಅಜ್ಜ ಹೇಳಿದ್ದ. ಅವರಿಂದ ಹೌದು ಅಂತಲೂ ಬರಲಿಲ್ಲ, ಇಲ್ಲ ಅಂತಲೂ ಬರಲಿಲ್ಲ. ತಿಂಗಳುಗಟ್ಟಲೆ ಕಾದು, ಅಪ್ಪ ಹೊನ್ನಾಳಿ ಕಡೆ ಬೇರೆ ಸಂಬಂಧ ಗೊತ್ತು ಮಾಡಿದರು. ವೀಳ್ಯ ಬದಲಾಯಿಸಿದ್ದೂ ಆಯಿತು. ಹೊನ್ನಾಳಿಯವರು ಬಲು ಬಿಗಿ. ಹೆಣ್ಣಿನ ಮೇಲೆ ಒಂದು ಸಣ್ಣ ಮಾತು ಬಂದರೂ ಎದ್ದು ಹೋಗುವ ಪೈಕಿ. ನನ್ನ ಮುಖ ಇನ್ನೂ ಸೊರಬದಲ್ಲೇ ಇದೆ ಎನ್ನುವುದು ನನ್ನನ್ನು ಹಗಲೆಲ್ಲ ಕಾಡುತ್ತಿತ್ತು. ನಲ್ಲಿಯ ಹತ್ತಿರ ಬಟ್ಟೆ ಒಗೆಯುವಾಗ ಬೆನ್ನ ಹಿಂದೆ ಯಾರೋ ನೋಡುತ್ತಿದ್ದಾರೆ ಅನ್ನಿಸಿ ತಿರುಗಿ ತಿರುಗಿ ನೋಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ. ಕಡೆಗೆ ಅವ್ವ ಗೋಡೆಯಾಚೆ ಹೋಗಿ ದೊಡ್ಡವ್ವನಿಗೆ ಹೇಳಿದಳು.

ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿದವಳು ಸಂಜೆಗೆ ಬಂದಳು. ಬಂದವಳು ನಮ್ಮ ಮನೆಗೆ ಬರಲಿಲ್ಲ. ತನ್ನ ತಮ್ಮನ ಮನೆಯ ಹಿತ್ತಿಲಿಗೆ ನನ್ನೊಬ್ಬಳನ್ನೇ ಕರೆಸಿದಳು. ಅವಳು ಎಂದೂ ಬರಿಗೈಲಿ ಬಂದವಳಲ್ಲ. ಅವತ್ತು ಬರಿಗೈಲಿ ಬಂದಿದ್ದಳು. ಒಗೆಯುವ ಕಲ್ಲಿನ ಮೇಲೆ ಕೂತು, ಕಾಲಿಗೆ ನೀರು ಹಾಕಿಕೊಳ್ಳುತ್ತಾ ಹೇಳಿದಳು.

“ಹುಡುಗ ಇಲ್ಲ ಕಣೆ. ಮಂಗನ ಕಾಯಿಲೆ ಜ್ವರ ಬಂದು ಹೋಗಿಬಿಟ್ಟಾನೆ. ನಿನ್ನ ಫೋಟೊ ನೋಡಿ ಹೂಂ ಅಂದಿದ್ನಂತೆ. ಹೇಳಿಕಳಿಸೋದ್ರೊಳಗೆ ಜ್ವರ.”

ನಾನು ನೋಡಿಯೇ ಇರದ ಹುಡುಗ. ಅವಳು ಮುಂದುವರಿಸಿದಳು. ಪಡಸಾಲೆಯ ಗೋಡೆಯ ಮೇಲೆ ಅವನ ಫೋಟೊ, ಹಾರ ಹಾಕಿ, ವಿಭೂತಿ ಹಚ್ಚಿದ್ದಾರೆ. ಅದೇ ಚೌಕಟ್ಟಿನ ಮೂಲೆಗೆ ನನ್ನ ಫೋಟೊ ಸಿಕ್ಕಿಸಿದ್ದಾರೆ. ಮದುವೆಯಾಗದೆ ಹೋದ ಜೀವ ಒಂಟಿ ಅಲೆಯುತ್ತದೆ, ಜೊತೆಗೊಬ್ಬಳು ಇರಲಿ ಎಂದು ಹುಡುಗನ ತಾಯಿ ಮಾಡಿದ್ದು. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಅವನಿಗೆ ವಿಭೂತಿ, ನನಗೆ ಕುಂಕುಮ.

ನನ್ನ ಹಣೆಗೆ ನನ್ನದೇ ಕೈ ಹೋಯಿತು. ಇಷ್ಟು ದಿನ ನಾನು ಇಲ್ಲಿ ಬಟ್ಟೆ ಒಗೆಯುತ್ತಾ, ಮದುವೆಯ ಸೀರೆ ಆರಿಸುತ್ತಾ ಇದ್ದರೆ, ಅಲ್ಲಿ ಒಬ್ಬ ಸತ್ತವನ ಪಕ್ಕದಲ್ಲಿ ದಿನಾ ಕುಂಕುಮ ಹಚ್ಚಿಸಿಕೊಳ್ಳುತ್ತಾ ನಿಂತಿದ್ದೆ. ಹೊನ್ನಾಳಿಯವರ ಕಿವಿಗೆ ಬಿದ್ದರೆ ಮುಗಿಯಿತು.

“ಯಾಕೆ ಬಿಟ್ಟು ಬಂದೆ ದೊಡ್ಡವ್ವ?” ಅಂದೆ. ನನ್ನ ದನಿ ಏರಿತ್ತು.

“ಆ ತಾಯಿ ಕೊಡಲ್ಲ ಅನ್ನಲಿಲ್ಲ. ಹುಡುಗಿ ಇರಲಿ ಅಂದ್ರೆ ಇರಲಿ, ಬೇಕು ಅಂದ್ರೆ ಕೊಟ್ಟುಬಿಡ್ತೀನಿ, ಕೇಳ್ಕೊಂಡು ಬಾ ಅಂದ್ಳು. ಮುಖ ನಿಂದು. ನಿಮ್ಮಪ್ಪಂದಲ್ಲ, ನಂದಲ್ಲ. ಏನು ಮಾಡ್ಲಿ ಹೇಳು.”

ಫೋಟೊ ತೆಗೆಸಬೇಕು ಅಂತ ಹೇಳಿದ್ದು ಅಪ್ಪ. ಯಾವ ಸೀರೆ ಅಂತ ಹೇಳಿದ್ದು ಅವ್ವ. ಯಾರಿಗೆ ಕೊಡಬೇಕು ಅಂತ ತೀರ್ಮಾನಿಸಿದ್ದು ಸಂಬಂಧದ ಅಜ್ಜ. ಅಷ್ಟು ದಿನದಲ್ಲಿ ಆ ಫೋಟೊದ ಬಗ್ಗೆ ನನ್ನನ್ನು ಮೊದಲು ಕೇಳಿದವಳು ಅವಳು. ಅದಕ್ಕೇ ಅಳು ಬಂತೋ, ಭಯಕ್ಕೆ ಬಂತೋ, ಆ ಹುಡುಗನಿಗಾಗಿ ಬಂತೋ ಗೊತ್ತಿಲ್ಲ. ಅತ್ತು ಮುಗಿಸಿ, “ತಂದುಬಿಡು ದೊಡ್ಡವ್ವ” ಅಂದೆ.

“ಹೂಂ” ಅಂದಳು, ಅಷ್ಟೆ. ಒಳ್ಳೇದು ಮಾಡಿದೆ ಅಂತಲೂ ಅನ್ನಲಿಲ್ಲ, ಆ ತಾಯಿಯ ಕರುಳು ನೋಯ್ತದೆ ಅಂತಲೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಟ್ರಂಕು ತೆಗೆದ ಸದ್ದು ಗೋಡೆಯಾಚೆ ಕೇಳಿಸಿತು. ಒಳ್ಳೆಯ ಸೀರೆ ಉಟ್ಟುಕೊಂಡು ಹೋಗುತ್ತಾಳೇನೋ ಅಂದುಕೊಂಡೆ. ಅದೇ ಕಂದು ಸೀರೆಯಲ್ಲೇ ಹೋದಳು.

ಸಂಜೆ ಫೋಟೊ ತಂದು ಅಪ್ಪನ ಕೈಗೆ ಕೊಡಲಿಲ್ಲ, ನನ್ನ ಕೈಗೇ ಕೊಟ್ಟಳು. ಹಣೆಯ ಜಾಗದಲ್ಲಿ ಕುಂಕುಮ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ, ಕೆಂಪು ಇನ್ನಷ್ಟು ಅಗಲವಾಯಿತು. ಆ ತಾಯಿ ಏನಂದರು ಎಂದು ಕೇಳಿದೆ. ತಾನೇ ತೆಗೆದುಕೊಟ್ಟಳು, ಮೂಲೆ ಖಾಲಿ ಬಿಟ್ಟು ಹೋಗಬ್ಯಾಡ ಅಂದಳು, ಅಂತ ಹೇಳಿದಳು. ನೀನೇನು ಮಾಡಿದೆ ಅಂದೆ. “ಖಾಲಿ ಬಿಡ್ಲಿಲ್ಲ” ಎಂದು ಎದ್ದು ಅಂಗಡಿಗೆ ಹೋದಳು. ಒಂದು ಹೂವೋ ಪತ್ರೆಯೋ ಸಿಕ್ಕಿಸಿ ಬಂದಿರಬೇಕು ಅಂದುಕೊಂಡು ನಾನು ಸುಮ್ಮನಾದೆ. ಮದುವೆಯ ಗಡಿಬಿಡಿ ಬೇರೆ.

ಮದುವೆಯಾಯಿತು. ಗಂಡನ ಮನೆ ಅಂಥ ಕೆಟ್ಟದ್ದೇನಲ್ಲ. ಆದರೆ ಕೆಲವು ಬೆಳಗು, ಸ್ನಾನ ಮುಗಿಸಿ ಕನ್ನಡಿಯ ಮುಂದೆ ಕುಂಕುಮದ ಬೊಟ್ಟು ಇಡುವಾಗ, ಆ ಬೆರಳು ನನ್ನದಲ್ಲ ಅನ್ನಿಸುತ್ತಿತ್ತು. ಫೋಟೊ ಅದೇ ಕೆಂಪು ಕಲೆಯೊಂದಿಗೆ ನನ್ನ ಬೀರುವಿನ ತಳದಲ್ಲಿದೆ. ಗಂಡನಿಗೆ ತೋರಿಸಿಲ್ಲ. ಹರಿದುಹಾಕಲು ಕೈ ಬಂದಿಲ್ಲ.

ಅವಳ ತಮ್ಮನ ಮಗ ಮಾರನೇ ದಿನ ಮತ್ತೆ ಫೋನ್ ಮಾಡಿದ. ಟ್ರಂಕು ತೆಗೆದು ನೋಡಿದ್ದಾರೆ. ಮದುವೆ ಸೀರೆ ಇದೆ, ಮಡಿಕೆಯೊಳಗೆ ಫೋಟೊ ಇಲ್ಲ. ಮೊದಲು ಇತ್ತು, ನಾನೇ ನೋಡಿದ್ದೆ, ಎಲ್ಲಿ ಹೋಯ್ತೋ ಎಂದು ಅವನ ಅವ್ವ ಹಲುಬುತ್ತಿದ್ದಾಳಂತೆ. ಆಗ ನನಗೆ ಆ ಬೆಳಗಿನ ಟ್ರಂಕಿನ ಸದ್ದು ಕೇಳಿಸಿತು. ಇಷ್ಟು ವರ್ಷದ ಮೇಲೆ, ಅಷ್ಟೇ ಹತ್ತಿರದಿಂದ.

ಮೂರು ದಿನದ ಕಾರ್ಯಕ್ಕೆ ಶಿಕಾರಿಪುರಕ್ಕೆ ಹೋದವಳು, ಅಲ್ಲಿಂದ ಯಾರಿಗೂ ಹೇಳದೆ ಸೊರಬದ ಬಸ್ಸು ಹತ್ತಿದೆ. ಅವಳು ಹುಡುಗಿಯರನ್ನು ಕರೆತರಲು ಹೋಗುತ್ತಿದ್ದ ಹಾಗೆ ನಾನು ಅವಳನ್ನು ಕರೆತರಲು ಹೊರಟಿದ್ದೆ. ಫೋಟೊ ಸಿಕ್ಕಿದರೆ ಮೊಬೈಲಿನಲ್ಲಿ ಒಂದು ಹೊಡೆದುಕೊಂಡು ಕಳಿಸಿದರಾಯಿತು, ಅವಳ ತಮ್ಮನ ಮಗನ ಸಂಕಟವೂ ತೀರುತ್ತದೆ ಎಂದೂ ಮನಸ್ಸಿನಲ್ಲಿತ್ತು.

ವಿಚಾರಿಸಿಕೊಂಡು ಹೋದೆ. ಬಾಗಿಲು ತೆಗೆದ ಸೊಸೆ, ಹುಡುಗನ ತಮ್ಮನ ಹೆಂಡತಿಯಂತೆ, ಶಿಕಾರಿಪುರ ಅಂದ ಕೂಡಲೇ ಒಳಗೆ ಕರೆದಳು. ಪಡಸಾಲೆಯ ಮಂಚದ ಮೇಲೆ ಆ ತಾಯಿ, ಈಗ ಮುದುಕಿ, ಕೂತಿದ್ದರು. ಗೋಡೆಯ ಮೇಲೆ ಬಣ್ಣ ಹೋದ ಹುಡುಗ. ಚೌಕಟ್ಟಿನ ಮೂಲೆಯಲ್ಲಿ ಕಪ್ಪು ಬಿಳುಪಿನ ಒಬ್ಬ ಹುಡುಗಿ. ಜಡೆ ಮುಂದೆ ಹಾಕಿಕೊಂಡು, ಸ್ಟೂಲಿನ ಮೇಲೆ ಕೈ ಊರಿಕೊಂಡು, ಕ್ಯಾಮೆರಾದ ಕಡೆ ಧೈರ್ಯವಾಗಿ ನೋಡುತ್ತಿದ್ದಾಳೆ. ಸೆರಗು ಹೆಗಲ ಮೇಲೆಯೇ ಇದೆ. ಹಣೆಯಲ್ಲಿ ಅವತ್ತಿನ ಬೆಳಗಿನ ಕುಂಕುಮ. ದೊಡ್ಡವ್ವನ ಇಡೀ ಮುಖವನ್ನು ಫೋಟೊದಲ್ಲಿ ನಾನು ನೋಡಿದ್ದು ಇದೇ ಮೊದಲು.

ದೊಡ್ಡವ್ವ ಹೋದಳು ಎಂದು ಹೇಳಿದೆ. ಮುದುಕಿ ಗೋಡೆಯ ಕಡೆ ತಿರುಗಿ ಕೈಮುಗಿದರು. ಆಮೇಲೆ ಹೇಳಿದರು, “ವರ್ಷಕ್ಕೊಂದು ಸಲ ಬರೋಳು ಮಾರಾಯ್ತಿ. ಬಂದು, ನೀರು ಕುಡ್ದು, ತನ್ನ ಮುಖ ತಾನೇ ನೋಡ್ಕೊಂಡು ಹೋಗೋಳು. ಆ ಹುಡುಗಿ ಫೋಟೊ ಇಸ್ಕೊಂಡು ಇದನ್ನ ಸಿಕ್ಸಿದ ದಿನ ನಾ ಕೇಳ್ದೆ, ನೀನು ಗಂಡ ಹೋದೋಳು, ನಿನ್ನ ಹಣೆಗೆ ನಾನು ಕುಂಕುಮ ಹಚ್ಲಾ ಅಂತ. ಫೋಟೊದ ಹಣೆ ಸೆರಗಲ್ಲಿ ಒರೆಸಿದ್ಲು. ಆಮೇಲೆ, ಹಚ್ಚು ಅಂದ್ಳು.”

ಬೀದಿಗೆಲ್ಲ ದೊಡ್ಡವ್ವನಾದವಳು. ಯಾರ ಮನೆಯ ಅರಿಸಿನ ಕುಂಕುಮಕ್ಕೂ ನಾವು ಕರೆಯದೆ ಬಿಟ್ಟವಳು. ಇಲ್ಲಿ, ಗೊತ್ತಿಲ್ಲದ ಒಂದು ಮನೆಯ ಗೋಡೆಯ ಮೇಲೆ, ಇಷ್ಟೂ ವರ್ಷ ದಿನಾ ಕುಂಕುಮ ಹಚ್ಚಿಸಿಕೊಂಡು ಬಂದಿದ್ದಳು. ನನಗೆ ದುಃಖ ತಡೆಯಲಾಗಲಿಲ್ಲ.

ಫೋನು ಬಡಿಯಿತು. ಅವಳ ತಮ್ಮನ ಮಗ. ಎಲ್ಲಾದ್ರೂ ಸಿಕ್ತಾ ಅಕ್ಕಾ ಅಂದ. ಫೋಟೊ ನೋಡುತ್ತಲೇ, “ಇಲ್ಲ ಕಣಪ್ಪಾ. ಕೇಳಾಣ ಅಂದ್ರೆ ಅವಳಿಲ್ಲ” ಅಂದೆ. ಮೊಬೈಲನ್ನು ಚೀಲದ ತಳಕ್ಕೆ ಹಾಕಿ ಜಿಪ್ ಎಳೆದೆ.

“ಕರ್ಕೊಂಡು ಹೋಗಕ್ಕೆ ಬಂದ್ರೇನು?” ಎಂದು ಮುದುಕಿ ಮೆಲ್ಲಗೆ ಕೇಳಿದರು. ಇಲ್ಲಮ್ಮಾ, ಅವಳೇ ಕೊಟ್ಟದ್ದು, ಇಲ್ಲೇ ಇರಲಿ ಅಂದೆ. ಸೊಸೆ ಕುಂಕುಮದ ಬಟ್ಟಲು ತಂದು ಅತ್ತೆಯ ಕೈಗೆ ಕೊಟ್ಟಳು. ಮುದುಕಿ ಬೆರಳು ಅದ್ದಿದವರು, ನನ್ನ ಮುಖವನ್ನೇ ನೋಡುತ್ತಾ ಕೈ ತಡೆದರು. ನಿಮ್ಮನ್ನೆಲ್ಲೋ ನೋಡಿದ ಹಂಗಿದೆಯಲ್ಲ ಅಂದರು. ಅವರು ಚೌಕಟ್ಟಿನ ಮೂಲೆಯತ್ತ ನೋಡಿದರು, ಮತ್ತೆ ನನ್ನತ್ತ ನೋಡಿದರು. ಆ ಬೆರಳನ್ನು ನನ್ನ ಹಣೆಯ ಹತ್ತಿರ ತಂದರು.

“ಹಚ್ಲಾ?” ಎಂದು ಕೇಳಿದರು.

ಹೂಂ ಎಂದು ಬಗ್ಗಿದೆ.